ಯಾರೂ ಓದದ ಮೂರನೇ ಪುಟ

ನನ್ನ ಮೊಬೈಲಿನಲ್ಲಿ ಒಂದು ವಾಟ್ಸಾಪ್ ಗುಂಪಿದೆ. ರಾಯಚೂರು ಜಿಲ್ಲೆಯ ಸಣ್ಣ ದಿನಪತ್ರಿಕೆಗಳ ಸಂಪಾದಕರೆಲ್ಲ ಅದರಲ್ಲಿದ್ದೇವೆ. ನಾಲ್ಕು ಪುಟದ ನಮ್ಮ ಪತ್ರಿಕೆಗಳು ಒಂದಕ್ಕೊಂದು ಆಸರೆಯಾಗಿ ಹೇಗೋ ಬದುಕಿಕೊಳ್ಳಲಿ ಎಂಬುದು ಅದರ ಘನ ಉದ್ದೇಶ. ಬೆಳಿಗ್ಗೆ ತೆರೆದರೆ ಗುಲಾಬಿ ಹೂವು, ಹೊಗೆಯಾಡುವ ಚಹಾದ ಕಪ್ಪು, ಉದಯಿಸುವ ಸೂರ್ಯ. ಮಧ್ಯಾಹ್ನಕ್ಕೆ ಯಾವನೋ ಸಂಪಾದಕನ ಹುಟ್ಟುಹಬ್ಬ. ಕೇಕು, ಪಟಾಕಿ, ಮುಗಿದ ಕೈ. ಉಳಿದದ್ದಕ್ಕೆಲ್ಲ ಎತ್ತಿ ಹಿಡಿದ ಒಂದು ಹೆಬ್ಬೆರಳು. ನಮ್ಮಲ್ಲೊಬ್ಬನ ತಾಯಿ ತೀರಿಕೊಂಡ ಸುದ್ದಿಯ ಕೆಳಗೂ ಹೆಬ್ಬೆರಳುಗಳು ಎದ್ದು ನಿಂತದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಥೂ, ಇವರ ಆಸರೆಗಿಷ್ಟು!

ಗುಂಪು ಹುಟ್ಟಿದ್ದು ಕೊರೊನಾ ಕಾಲದಲ್ಲಿ. ಬಸ್ಸು, ಹೋಟೆಲು, ಸಲೂನು ಎಲ್ಲ ಬಂದ್ ಆಗಿ ನಮ್ಮ ಪತ್ರಿಕೆಗಳನ್ನು ಕೇಳುವವರೇ ಇಲ್ಲದಂತಾಗಿದ್ದಾಗ, ದೂರದ ಯಾವುದೋ ಸಂಸ್ಥೆಯವರು ಸಣ್ಣ ಪತ್ರಿಕೆಗಳನ್ನು ಉಳಿಸುತ್ತೇವೆಂದು ಆನ್‌ಲೈನ್ ಸಭೆ ಕರೆದರು. ಪರದೆಯ ಮೇಲೆ ಒಬ್ಬ ಮಹಾಶಯ ಮೂಡಿದ. ಬೆನ್ನ ಹಿಂದೆ ಪುಸ್ತಕದ ಕಪಾಟು. ನಿಮ್ಮ ಓದುಗರೇ ನಿಮ್ಮ ಬಲ, ಅವರೊಂದಿಗೆ ಸಂವಾದ ಬೆಳೆಸಿ ಎಂದ. ನನ್ನ ಓದುಗರೆಂದರೆ ರಾಯಚೂರಿನ ಗಂಜ್ ಮಾರುಕಟ್ಟೆಯ ದಲ್ಲಾಳಿ ಅಂಗಡಿಯವರು, ಸ್ಟೇಷನ್ ರಸ್ತೆಯ ಸಲೂನಿನವರು, ಬಸ್‌ಸ್ಟ್ಯಾಂಡಿನ ಎದುರು ಇಡ್ಲಿ ಕಟ್ಟಿಕೊಡುವವನು. ಇಡ್ಲಿಯವನು ಪತ್ರಿಕೆ ಯಾಕೆ ಕೊಳ್ಳುತ್ತಾನೆಂದು ಬಿಡಿಸಿ ಹೇಳಬೇಕಿಲ್ಲ. ಅವನ ಜೊತೆ ಏನು ಸಂವಾದ ಬೆಳೆಸಲಿ, ನನ್ನ ಸಂಪಾದಕೀಯದ ಮೇಲೆ ಚಟ್ನಿ ಸೋರುತ್ತದೆಯೇ ಎಂದೇ? ಅಷ್ಟರಲ್ಲಿ ನಮ್ಮವನೊಬ್ಬ ಮೈಕು ಆರಿಸದೆ ಹೆಂಡತಿಯ ಜೊತೆ ಬದನೆಕಾಯಿಯ ವಿಚಾರವಾಗಿ ಜಗಳಕ್ಕಿಳಿದ. ಆ ಸಭೆಯಲ್ಲಿ ನನಗೆ ನೆನಪಿರುವ ಅರ್ಥವುಳ್ಳ ಮಾತು ಅದೊಂದೇ.

ಸಂಸ್ಥೆಯವರು ಫೋಟೋ ಹಿಡಿದುಕೊಂಡು ಮಾಯವಾದರು. ಗುಂಪು ಉಳಿಯಿತು. ಅದಕ್ಕೆ ಅಡ್ಮಿನ್ ಆದವನು ಮಾನ್ವಿಯ ಸಂಪಾದಕ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು; ಆತ ಎರಡರಲ್ಲೂ ಏನನ್ನೂ ಬರೆದದ್ದನ್ನು ನಾನು ಕಂಡಿಲ್ಲ. ಆತನ ಪತ್ರಿಕೆ ಎಂದರೆ ಹಾರ, ಶಾಲು, ಶುಭಾಶಯ. ಮಾನ್ವಿಯಲ್ಲಿ ಚರಂಡಿ ಕೆಲಸದ ಗುತ್ತಿಗೆ ಹಿಡಿಯುವ ಆತನ ಅಳಿಯನ ಹಲ್ಲು ವಾರಕ್ಕೊಮ್ಮೆಯಾದರೂ ಅದರ ಮೊದಲ ಪುಟದಲ್ಲಿ ಹೊಳೆಯುತ್ತಿತ್ತು.

ಸುಳ್ಳು ಹೇಳಬಾರದು, ಈ ಗುಂಪಿನಿಂದ ಒಂದು ಉಪಕಾರ ಆಯಿತು. ದಿನಾ ನಾಲ್ಕು ಪುಟ ತುಂಬಿಸುವುದು ಒಬ್ಬೊಬ್ಬರೇ ಓಡಾಡುವ ನಮ್ಮಂಥವರಿಂದ ಆಗುವ ಕೆಲಸವಲ್ಲ. ಹಾಗಾಗಿ ಮೂರನೇ ಪುಟವನ್ನು ಎಲ್ಲರಿಗೂ ಒಂದೇ ಮಾಡಿಕೊಂಡೆವು. ಪಾಳಿಯ ಮೇಲೆ ಒಬ್ಬರು ಆ ಪುಟ ಕಟ್ಟಿ ಮಧ್ಯಾಹ್ನ ಗುಂಪಿಗೆ ಹಾಕುವುದು. ಉಳಿದವರು ಪುಟದ ನೆತ್ತಿಯ ಮೇಲಿನ ಹೆಸರು ಬದಲಿಸಿ ತಮ್ಮ ಪತ್ರಿಕೆಗೆ ಅಂಟಿಸಿಕೊಳ್ಳುವುದು. ಓದುಗರಿಗೆ ಇದು ತಿಳಿಯುವುದಿಲ್ಲ, ಏಕೆಂದರೆ ಎರಡು ಸಣ್ಣ ಪತ್ರಿಕೆ ಕೊಳ್ಳುವ ಹುಚ್ಚ ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಇದರಿಂದಲೇ ನಾವು ಉಳಿದೆವು ಎಂದರೂ ನಡೆದೀತು. ಆದರೆ ಅಂಟಿಸುವ ಮೊದಲು ಓದಬೇಕು ಎಂಬ ವಿಚಾರ ಮಾತ್ರ ನನ್ನನ್ನು ಬಿಟ್ಟರೆ ಒಬ್ಬನ ತಲೆಗೂ ಹೊಳೆಯಲಿಲ್ಲ. ಚಿತ್ರ ನೋಡುವುದು, ಶೀರ್ಷಿಕೆ ನೋಡುವುದು, ಹೆಬ್ಬೆರಳು ಎತ್ತುವುದು, ಅಂಟಿಸುವುದು. ಒಮ್ಮೆ ಮಾನ್ವಿಯವನು ಹೆಸರು ಬದಲಿಸುವುದನ್ನೂ ಮರೆತು, ತನ್ನ ಮೂರನೇ ಪುಟದ ನೆತ್ತಿಯ ಮೇಲೆ ನನ್ನ ಪತ್ರಿಕೆಯ ಹೆಸರು ಹೊತ್ತುಕೊಂಡು ಊರೆಲ್ಲ ಹಂಚಿಬಿಟ್ಟ. ಯಾಕೆಂದು ಕೇಳಿ ಒಬ್ಬರೂ ಫೋನ್ ಮಾಡಲಿಲ್ಲವಂತೆ.

ಪಾಳಿಯೂ ಹೆಸರಿಗಷ್ಟೇ. ಒಬ್ಬನಿಗೆ ಮದುವೆ, ಒಬ್ಬನಿಗೆ ಬೆನ್ನುನೋವು, ಒಬ್ಬನ ಲ್ಯಾಪ್‌ಟಾಪಿನಲ್ಲಿ ಅಕ್ಷರವೆಲ್ಲ ಒಡೆದು ಚೌಕ ಚೌಕ. ನೋಡನೋಡುತ್ತ ಕೆಲಸವೆಲ್ಲ ದೇವದುರ್ಗದ ಹೆಣ್ಣುಮಗಳ ಹೆಗಲಿಗೆ ಬಿತ್ತು. ಅಲ್ಲಿ ಸಣ್ಣದೊಂದು ದಿನಪತ್ರಿಕೆಯನ್ನು ಒಬ್ಬಳೇ ನಡೆಸುವವಳು ಆಕೆ. ಅಪ್ಪ ರಸ್ತೆ ಕೆಲಸದಲ್ಲಿ ಜಲ್ಲಿ ಹೊತ್ತವನು. ಈಕೆ ಯರಗೇರಾದ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಎಂ.ಎ. ಮುಗಿಸಿದಳು. ನಾಲಿಗೆ ಬಲು ಹರಿತ. ನನ್ನನ್ನು ಅಣ್ಣಾರು ಎನ್ನುತ್ತಾಳೆ. ಹಾಗೆಂದು ನನಗೇನೂ ರಿಯಾಯಿತಿ ಇಲ್ಲ.

ಆಕೆ ತನ್ನ ಪಾಳಿಯನ್ನೆಲ್ಲ ಮಾಡಿ, ಊರವರ ಪಾಳಿಯನ್ನೂ ಮಾಡುತ್ತಿದ್ದ ದಿನಗಳಲ್ಲೇ ದೇವದುರ್ಗದಲ್ಲಿ ಒಂದು ನೀರಿನ ಟಾಕಿಯ ಉದ್ಘಾಟನೆ ಆಯಿತು. ಟಾಕಿ ಕಟ್ಟಿಸಿದ ಗುತ್ತಿಗೆದಾರ ದಸರೆ ಬಂದರೆ, ಉಗಾದಿ ಬಂದರೆ ನಮಗೆಲ್ಲ ಶುಭಾಶಯದ ಜಾಹೀರಾತು ಕೊಡುವ ಕುಳ. ಹಾಗಾಗಿ ಆ ದಿನ ಮಾನ್ವಿಯವನಿಗೆ ಬೆನ್ನುನೋವು ಬರಲಿಲ್ಲ. ಆತ ತಾನೇ ಕೂತು ಪುಟ ಕಟ್ಟಿದ. ರಿಬ್ಬನ್ನು, ಕತ್ತರಿ, ಕೈಕಟ್ಟಿ ನಿಂತ ಗುತ್ತಿಗೆದಾರ, 'ಬಗೆಹರಿದ ನೀರಿನ ಬವಣೆ' ಎಂಬ ಶೀರ್ಷಿಕೆ. ಎಲ್ಲರ ಮೂರನೇ ಪುಟದಲ್ಲೂ ಅದೇ ಬಂತು. ನನ್ನದರಲ್ಲೂ ಬಂತು; ನಾನೇನು ಆಕಾಶದಿಂದ ಇಳಿದವನಲ್ಲ.

ಆಕೆಯೊಬ್ಬಳು ಅದನ್ನು ಅಂಟಿಸಲಿಲ್ಲ. ಟಾಕಿಯ ಏಣಿ ಹತ್ತಿ ಮುಚ್ಚಳ ಸರಿಸಿ ನೋಡಿದಳು. ಒಳಗೆ ಒಣ ಸಿಮೆಂಟು, ಒಂದಿಷ್ಟು ಪಾರಿವಾಳದ ಪುಕ್ಕ. ಕೆಳಗೆ ಹೊಸ ನಲ್ಲಿಗಳು ಸಾಲಾಗಿ ಹೊಳೆಯುತ್ತಿದ್ದವು, ಆದರೆ ಟಾಕಿಗೆ ನೀರು ತರುವ ಪೈಪನ್ನೇ ಹಾಕಿರಲಿಲ್ಲ. ಉದ್ಘಾಟನೆಯ ದಿನ ನಲ್ಲಿಯಿಂದ ಸುರಿದದ್ದು ಟ್ಯಾಂಕರಿನಿಂದ ನೇರ ನಲ್ಲಿಯ ಕೊಳವೆಗೇ ಬಿಟ್ಟ ನೀರು. ಇದನ್ನೆಲ್ಲ ಬರೆದು ಪುಟ ಮಾಡಿ, ಎಂದಿನಂತೆ ರಾಯಚೂರಿನ ಪ್ರೆಸ್ಸಿಗೆ ಕಳಿಸಿದಳು.

ನಮ್ಮೆಲ್ಲರ ಪತ್ರಿಕೆ ಅಚ್ಚಾಗುವುದು ಆ ಒಂದೇ ಪ್ರೆಸ್ಸಿನಲ್ಲಿ. ಅದರ ಮಾಲೀಕನೂ ಆ ಗುತ್ತಿಗೆದಾರನೂ ದಿನಾ ಒಟ್ಟಿಗೆ ಚಹಾ ಕುಡಿಯುವವರು. ಮರುದಿನ ಆಕೆಯ ಫೋನ್ ಬಂತು.

"ಅಣ್ಣಾರ, ಪ್ರೆಸ್ಸಿನ ಮಷೀನ್ ಖರಾಬ್ ಆಗ್ಯದಂತ. ನನ್ನ ಪೇಪರಿಗಷ್ಟ ಖರಾಬ್ ಆಗ್ಯದ."

ನನ್ನ ಪತ್ರಿಕೆ ಬೆಚ್ಚಗೆ ಮೇಜಿನ ಮೇಲೆ ಬಿದ್ದಿತ್ತು. ಎದ್ದು ಪ್ರೆಸ್ಸಿಗೇ ಹೋದೆ. ಮಷೀನು ಯಾರದೋ ಮದುವೆ ಕರೆಯೋಲೆ ಉಗುಳುತ್ತ ಗಡಗಡ ಓಡುತ್ತಿತ್ತು. ಮಾಲೀಕ ನನ್ನನ್ನು ನೋಡಿ ಹಲ್ಲು ಕಿರಿದು ಚಹಾ ತರಿಸಿದ.

"ಮಷೀನ್ ಚೊಲೋ ಓಡಾಕತ್ತದಲ್ರೀ?" ಎಂದೆ.

"ಆಕಿ ಆ ಸುದ್ದಿ ತಗದು ಕಳಸ್ಲಿ ಬಿಡ್ರಿ, ಆಕಿದೂ ರಿಪೇರಿ ಆಗ್ತದ" ಎಂದ. ನಾಚಿಕೆಯೆಂಬುದು ಆ ಮುಖದ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ.

ಹೀಗೆ ಪತ್ರಿಕೆ ನಿಂತರೆ ಆಗುವುದೇನೆಂದು ನಮಗೆಲ್ಲ ಗೊತ್ತು. ದಿನಪತ್ರಿಕೆ ಎಂದಮೇಲೆ ದಿನಾ ಬರಬೇಕು. ಬಾರದ ದಿನಗಳು ಹೆಚ್ಚಾದರೆ ಸರ್ಕಾರಿ ಜಾಹೀರಾತಿನ ಪಟ್ಟಿಯಿಂದ ಹೆಸರು ಹೋಗುತ್ತದೆ. ಅಲ್ಲಿಗೆ ನಮ್ಮಂಥ ಪತ್ರಿಕೆಯ ಕತೆ ಮುಗಿಯಿತು. ಬೇರೆ ಊರಿನಲ್ಲಿ ಅಚ್ಚು ಹಾಕಿಸಿದರೆ ಬಸ್ಸಿನಲ್ಲಿ ಕಟ್ಟು ಬರುವಷ್ಟರಲ್ಲಿ ಮಧ್ಯಾಹ್ನ, ತಂಗಳು ಸುದ್ದಿಯನ್ನು ಯಾರು ಮೂಸುತ್ತಾರೆ? ಸುದ್ದಿ ತೆಗೆಯಬೇಕು, ಇಲ್ಲ ಪತ್ರಿಕೆ ಮುಚ್ಚಬೇಕು. ಆಕೆಯ ಮುಂದೆ ಇದ್ದದ್ದು ಅಷ್ಟೇ.

ಗುಂಪಿನಲ್ಲಿ ಆಕೆ ನಡೆದದ್ದನ್ನೆಲ್ಲ ಬರೆದು, ಏನು ಮಾಡೋಣ ಎಂದು ಕೇಳಿದಳು. ಆಹಾ, ಆಗ ನೋಡಬೇಕಿತ್ತು ನಮ್ಮವರ ಒಗ್ಗಟ್ಟು! ಬಿಗಿದ ಮುಷ್ಟಿಯ ಚಿತ್ರ, ಉರಿಯುವ ದೀಪದ ಚಿತ್ರ, 'ನಾವು ನಿಮ್ಮೊಂದಿಗಿದ್ದೇವೆ ಮೇಡಂ', 'ಸತ್ಯಕ್ಕೆ ಜಯ'. ನಾನು ಬರೆದೆ: ನಾಳೆ ಎಲ್ಲರೂ ಕೂಡಿ ಪ್ರೆಸ್ಸಿಗೆ ಹೋಗೋಣ, ಆಕೆಯ ಪತ್ರಿಕೆ ಅಚ್ಚಾಗದಿದ್ದರೆ ಒಂದು ದಿನ ನಮ್ಮದೂ ಬೇಡ ಅನ್ನೋಣ. ಎಲ್ಲರೂ ನೋಡಿದರು, ನೀಲಿ ಗುರುತುಗಳು ಸಾಲಾಗಿ ಬಿದ್ದವು. ಮುಷ್ಟಿ ಬಿಗಿದಿದ್ದ ಗಂಡುಗಲಿಗಳೆಲ್ಲ ಎಲ್ಲಿ ಹೋದರೋ. ತುಸು ಹೊತ್ತಿನ ಮೇಲೆ ಒಬ್ಬ ಗುಲಾಬಿ ಹೂವು ಹಾಕಿದ.

ಮೈಯೆಲ್ಲ ಉರಿಯಿತು. ಆಕೆಗೆ ಫೋನ್ ಮಾಡಿದೆ.

"ತಂಗಿ, ಇವರನ್ನ ನೆಚ್ಚಿ ಕುಂದ್ರಬ್ಯಾಡ. ಸದ್ಯ ಆ ಸುದ್ದಿ ಬಿಟ್ಟು ಪೇಪರ್ ತಗಿ. ಪೇಪರ್ ಉಳದ್ರ ಮುಂದ ಯಾವಾಗರ ಬರೀಬಹುದು."

"ಅಣ್ಣಾರ, ಆ ಟಾಕಿ ಇರೋದು ನಮ್ಮ ಓಣ್ಯಾಗ. ನಮ್ಮವ್ವ ಈಗೂ ಕೊಡ ಹೊತ್ಗೊಂಡು ಮುಂದಿನ ಓಣಿ ಬೋರಿಗಿ ಹೋಗ್ತಾಳ. ನಮ್ಮ ಓಣಿ ಸುದ್ದೀನ ಬರಂಗಿಲ್ಲಂದ್ರ ಆ ಪೇಪರ್ ಉಳಿಸ್ಕೊಂಡು ಏನ್ ಮಾಡ್ಲಿ, ಉಪ್ಪಿನಕಾಯಿ ಹಾಕ್ಲಾ?"

ಹುಷಾರು ಎಂದಷ್ಟೇ ಹೇಳಿ ಫೋನ್ ಇಟ್ಟೆ.

ಪತ್ರಿಕೆ ನಿಂತೇ ಇತ್ತು. ಅಂಥದರಲ್ಲಿ ಒಂದು ಬೆಳಿಗ್ಗೆ ಮಾನ್ವಿಯವನು ಗುಂಪಿನಲ್ಲಿ ಎಲ್ಲರೆದುರೇ ಆಕೆಗೆ ದನಿಸಂದೇಶ ಕಳಿಸಿದ. ಅದನ್ನು ಕೇಳಿದ ನನ್ನ ಕಿವಿ ಇನ್ನೂ ತಣ್ಣಗಾಗಿಲ್ಲ. "ಮೇಡಂ, ಇವತ್ತು ಪುಟ ನಂದ್ರೀ, ಖರೇ. ಆದ್ರ ಒಂದು ಸನ್ಮಾನ ಅದ, ಹೋಗ್ಲೇಬೇಕು. ಹೆಂಗೂ ನಿಮ್ಮ ಪೇಪರ್ ಬಂದ್ ಅದ, ಖಾಲಿನ ಇರ್ತೀರಿ. ಸ್ವಲ್ಪ ನೀವ ಮಾಡ್ಬಿಡ್ರಿ."

ಖಾಲಿ ಇರ್ತೀರಿ! ಮನೆ ಸುಟ್ಟುಕೊಂಡವಳ ಹತ್ತಿರ ಹೋಗಿ ಬೀಡಿಗೆ ಬೆಂಕಿ ಕೇಳುವ ಜಾತಿ. ಆಕೆ ಸಿಟ್ಟಾಗಿ ಎರಡು ಮಾತು ಉಗಿಯುತ್ತಾಳೆಂದು ಕಾದೆ. 'ಆಗಲಿರೀ' ಎಂದು ಬರೆದಳು, ಅಷ್ಟೇ.

ಮಧ್ಯಾಹ್ನ ಪುಟ ಬಂತು. ಅರ್ಧಕ್ಕೆ ಅಧಿಕಾರಿಯೊಬ್ಬರ ಪರಿಶೀಲನಾ ಸಭೆ, ಪಕ್ಕದಲ್ಲಿ ಮೆಣಸಿನಕಾಯಿ ಧಾರಣೆ. ಕೆಳಗೆ ಅದೇ ಹಳೆಯ ಚಿತ್ರ; ರಿಬ್ಬನ್ನು, ಕತ್ತರಿ, ಕೈಕಟ್ಟಿ ನಿಂತ ಗುತ್ತಿಗೆದಾರ. ಶೀರ್ಷಿಕೆ 'ದೇವದುರ್ಗದಲ್ಲಿ ಹೊಸ ನೀರಿನ ಟಾಕಿ'. ಕೊನೆಗೆ ಈಕೆಯೂ ಕೈಚೆಲ್ಲಿ ಗುತ್ತಿಗೆದಾರನ ಕಾಲು ಹಿಡಿದಳಲ್ಲ ಎಂದುಕೊಂಡೆ. ಕೆಳಗೆ ಹೆಬ್ಬೆರಳುಗಳು ಏಳತೊಡಗಿದ್ದವು. ಒಬ್ಬ 'ಸೂಪರ್ ಮೇಡಂ, ಒಳ್ಳೆಯ ನಿರ್ಧಾರ' ಎಂದೂ ಬರೆದ.

ಅಚ್ಚಿಗೆ ಹೋಗುವುದನ್ನು ಓದುವ ಚಟ ನನಗೆ ನಾನು ಮೊದಲು ಕೆಲಸಕ್ಕಿದ್ದ ಪತ್ರಿಕೆಯ ಮಾಲೀಕ ಬೈದು ಬೈದು ಹಚ್ಚಿಸಿದ್ದು. ಆ ಚಟಕ್ಕೆ ಕನ್ನಡಕ ಏರಿಸಿ ಓದಿದೆ. ಮೊದಲ ಎರಡು ವಾಕ್ಯ ಉದ್ಘಾಟನೆಯದೇ. ಮೂರನೆಯ ವಾಕ್ಯದಲ್ಲಿ ಆಕೆ ಏಣಿ ಹತ್ತಿದಳು. ಅಲ್ಲಿಂದ ಮುಂದೆ ಒಣ ಸಿಮೆಂಟು, ಪುಕ್ಕ, ಇಲ್ಲದ ಪೈಪು, ಟ್ಯಾಂಕರಿನ ನೀರು, ಕೊಡ ಹೊತ್ತ ಹೆಂಗಸರು, ಒಂದೂ ಬಿಡದೆ ಎಲ್ಲ ಇತ್ತು. ಪ್ರೆಸ್ಸಿನವನು ನಿಲ್ಲಿಸಿದ್ದ ಅದೇ ಸುದ್ದಿ, ಅಕ್ಷರಕ್ಕೆ ಅಕ್ಷರ.

ಫೋನ್ ಹಚ್ಚಿದೆ.

"ಇದು ಹಿಂಗ ಹೋಗ್ತದೇನು?"

"ಓದಿದ್ರೇನ್ರೀ ಅಣ್ಣಾರ? ನೀವು ಓದ್ತೀರಿ ಅಂತ ನನಗ ಅಂಜಿಕಿ ಇತ್ತು. ಬ್ಯಾರೆ ಯಾರ್ದೂ ಇರಲಿಲ್ಲ. ಬಾಯಿ ಬಿಡಬ್ಯಾಡ್ರಿ."

"ಪ್ರೆಸ್ಸಿನಾವ ನೋಡಿದ್ರ?"

"ಅವ ನೋಡೋದು ನನ್ನ ಪೇಪರ್ ಅಷ್ಟ. ನಿಮ್ಮವೆಲ್ಲಾ ಒಳ್ಳೆಯವರ ಪೇಪರ್ ಅಲ್ರೀ, ಅವನ್ನ ಯಾಕ ನೋಡ್ತಾನ?"

ನಾನು ಬಾಯಿ ಬಿಡಲಿಲ್ಲ. ನೆತ್ತಿಯ ಮೇಲೆ ನನ್ನ ಪತ್ರಿಕೆಯ ಹೆಸರು ಹಾಕಿ ಪುಟ ಕಳಿಸಿದೆ. ಬಹಳ ವರ್ಷಗಳ ಮೇಲೆ ಅಂದು ನನಗೆ ನನ್ನ ಕೆಲಸ ಇಷ್ಟವಾಯಿತು.

ಬೆಳಿಗ್ಗೆ ಜಿಲ್ಲೆಯ ಎಲ್ಲ ಸಣ್ಣ ಪತ್ರಿಕೆಗಳಲ್ಲೂ ಟಾಕಿ ಒಣಗಿ ನಿಂತಿತ್ತು; ಆಕೆಯದೊಂದನ್ನು ಬಿಟ್ಟು, ಅದು ಇನ್ನೂ ಬಂದ್ ಇತ್ತಲ್ಲ. ಗುತ್ತಿಗೆದಾರನಿಗೆ ಯಾರೋ ಓದಿ ಹೇಳಿದರಂತೆ. ಆತ ಮೊದಲು ಫೋನ್ ಮಾಡಿದ್ದು ಮಾನ್ವಿಗೆ. ಮಾನ್ವಿಯವನು ತನ್ನ ಪತ್ರಿಕೆಯಲ್ಲಿ ಏನಿದೆಯೆಂದು ತಿಳಿದದ್ದೇ ಆ ಫೋನಿನಿಂದ. ಗುಂಪಿನಲ್ಲಿ ಕೋಲಾಹಲ. 'ಯಾರು ಹಾಕಿದ್ದು', 'ನನಗೆ ಗೊತ್ತೇ ಇಲ್ಲ', 'ಆಪರೇಟರ್ ತಪ್ಪು'. ಪುಟ ಜೋಡಿಸುವ ಆಪರೇಟರ್ ಇಲ್ಲದವನೂ ಆಪರೇಟರನ ತಪ್ಪು ಎಂದ. ಪುಟ ಕಟ್ಟಿದ್ದು ಆಕೆ ಎಂದರೆ ತಾವು ಓದದೆ ಅಂಟಿಸಿದ್ದು ಬಯಲಾಗುತ್ತದಲ್ಲ, ಹಾಗಾಗಿ ಆಕೆಯ ಮಾತು ಒಬ್ಬನೂ ಎತ್ತಲಿಲ್ಲ.

ಮಧ್ಯಾಹ್ನದೊಳಗೆ ಗಾಳಿ ತಿರುಗಿತು. ಎಲ್ಲರೂ ಕೂಡಿ ಬರೆದಿದ್ದಾರೆ, ಹಿಂದೆ ದೊಡ್ಡ ಕೈ ಇರಬೇಕು ಎಂದುಕೊಂಡು ಗುತ್ತಿಗೆದಾರ ಹೆದರಿದ್ದ. ಒಬ್ಬಳಾಗಿದ್ದರೆ ಹೊಸಕಿಬಿಡುತ್ತಿದ್ದ, ಇಷ್ಟು ಜನರನ್ನು ಏನು ಮಾಡುವುದು? ಎರಡನೇ ಸಲ ಫೋನ್ ಮಾಡಿದಾಗ ದನಿ ಇಳಿದಿತ್ತಂತೆ, ಪೈಪ್ ಹಾಕಿಸ್ತೀನ್ರೀ, ಇಲ್ಲಿಗೆ ಬಿಡ್ರಿ ಅಂದನಂತೆ. ತನಗೆ ಒಬ್ಬ ಮನುಷ್ಯ ಹೆದರಿದ್ದನ್ನು ಮಾನ್ವಿಯವನು ಜೀವಮಾನದಲ್ಲಿ ಮೊದಲ ಸಲ ಕಂಡದ್ದು. ಕೂಡಲೇ ಗುಂಪಿನಲ್ಲಿ ಬರೆದ: 'ಇದು ನಮ್ಮ ಒಗ್ಗಟ್ಟಿನ ಪೆಟ್ಟು. ಸಣ್ಣ ಪತ್ರಿಕೆಗಳು ಸಣ್ಣವಲ್ಲ.' ಬೆಳಿಗ್ಗೆ ಆಪರೇಟರನ ಕುತ್ತಿಗೆ ಹಿಡಿದಿದ್ದವರೆಲ್ಲ ಈಗ ಎದೆ ಸೆಟೆಸಿ ಮುಷ್ಟಿ ಬಿಗಿದರು.

ಆಕೆ ಮಾತ್ರ ರಾಯಚೂರಿಗೆ ಬಂದು ನೆಟ್ಟಗೆ ಪ್ರೆಸ್ಸಿಗೆ ನಡೆದಳು. ನಾನೂ ಜೊತೆಗಿದ್ದೆ. "ಎಲ್ಲಾರ ಪೇಪರ್‌ದಾಗ ಬಂದದ್ದು ನನ್ನದ್ರಾಗ ಬಂದ್ರ ಏನ್ರೀ ತ್ರಾಸ? ನಿಮ್ಮ ಮಷೀನ್ದಾಗನ ಅಚ್ಚಾಗ್ಯದಲ್ಲ?" ಎಂದು ಕೇಳಿದಳು. ಮಾಲೀಕ ಬಾಯಿ ತೆರೆದ, ಮುಚ್ಚಿದ, ಕೆಲಸದವನನ್ನು ಕರೆದು ಮಷೀನಿಗೆ ಈಕೆಯ ಪುಟದ ಪ್ಲೇಟು ಹಾಕು ಎಂದ. ದೇವದುರ್ಗದ ಪತ್ರಿಕೆ ಮತ್ತೆ ಹೊರಟಿತು. ಟಾಕಿಗೂ ಪೈಪು ಬಂತು.

ಇನ್ನು ನಮ್ಮವರು ಸುಮ್ಮನಿರುತ್ತಾರೆಯೇ? ಮಾನ್ವಿಯ ಒಂದು ಕಲ್ಯಾಣ ಮಂಟಪದಲ್ಲಿ ಸಮಾರಂಭವಿಟ್ಟರು. ಒಬ್ಬರಿಗೊಬ್ಬರು ಶಾಲು ಹೊದಿಸಿಕೊಂಡರು. ಎಂಥ ದೃಶ್ಯವೆಂದರೆ, ಹೊದಿಸಿದವನು ಕೂತು ಹೊದ್ದವನು ಎದ್ದು ಮತ್ತೆ ಅವನಿಗೇ ಹೊದಿಸುತ್ತಿದ್ದ. ಮಾನ್ವಿಯವನು ತಾನು ಆ ಸುದ್ದಿ ಹಾಕುವಾಗ ಪ್ರಾಣದ ಹಂಗು ತೊರೆದಿದ್ದೆ ಎಂದು ಭಾಷಣದಲ್ಲಿ ಹೇಳಿದ. ಪುಟದ ಹಂಗನ್ನೇ ತೊರೆದಿದ್ದವನು! ಆಕೆಯನ್ನು ವೇದಿಕೆಯ ತುದಿಯ ಕುರ್ಚಿಯಲ್ಲಿ ಕೂರಿಸಿದ್ದರು. ಊಟಕ್ಕೆ ತಡವಾಗುತ್ತದೆ, ಎರಡೇ ಮಾತು ಆಡಿ ಎಂದು ಕೊನೆಗೆ ಮೈಕು ಕೊಟ್ಟರು.

ಆಕೆ ಎದ್ದು ಎಲ್ಲರ ಮುಖ ಒಮ್ಮೆ ನೋಡಿದಳು.

"ಎಲ್ಲಾರಿಗೂ ಶರಣ್ರೀ. ಒಂದ ಮಾತು ಕೇಳ್ತೀನಿ. ನೀವೆಲ್ಲಾ ಧೈರ್ಯದಿಂದ ಹಾಕಿದ ಆ ಸುದ್ದ್ಯಾಗ ಟಾಕಿ ಯಾರ ಓಣ್ಯಾಗ ಅದ ಅಂತ ಬರದದ್ರೀ?"

ಅಡುಗೆಯವರು ಪಾತ್ರೆ ಎಳೆಯುವ ಸದ್ದು ಕೇಳಿಸಿತು. ಶಾಲು ಹೊದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು; ಒಬ್ಬ ಚಪ್ಪಲಿಯ ಬಾರು ಸರಿಮಾಡಿಕೊಳ್ಳಲು ಬಗ್ಗಿದ. ಇಷ್ಟೆಲ್ಲ ಗದ್ದಲವಾದ ಮೇಲೂ, ತಮ್ಮ ಹೆಸರಿನಲ್ಲೇ ಬಂದದ್ದನ್ನು ಒಬ್ಬನೂ ಓದಿರಲಿಲ್ಲ. ಉತ್ತರ ನನಗೆ ಗೊತ್ತಿತ್ತು. ಹೇಳಿ ಅವರ ಮಾನ ಉಳಿಸುವ ಮನಸ್ಸು ನನಗಿರಲಿಲ್ಲ.

ಮಾನ್ವಿಯವನೇ ಜಿಗಿದು ಮೈಕು ಹಿಡಿದ. "ಭಾಳ ಚೊಲೋ ಪ್ರಶ್ನಿ ಕೇಳಿದ್ರು ಮೇಡಂ! ಜೋರಾಗಿ ಚಪ್ಪಾಳಿ ಹೊಡೀರ್ರಿ!"

ಎಲ್ಲರೂ ಚಪ್ಪಾಳೆ ಹೊಡೆದರು.

ಊಟ ಮುಗಿಸಿ ಬಸ್‌ಸ್ಟ್ಯಾಂಡಿಗೆ ಇಬ್ಬರೂ ನಡೆದು ಬಂದೆವು. ಆಕೆಗೆ ದೇವದುರ್ಗದ ಬಸ್ಸು, ನನಗೆ ರಾಯಚೂರಿನದು. ನನಗೆ ಸಿಟ್ಟು ಇಳಿದಿರಲಿಲ್ಲ. ಈ ಹೇತ್ಲಾಂಡಿಗಳ ಗುಂಪಿನಿಂದ ಹೊರಗೆ ಬಂದುಬಿಡು, ಓದಲಾರದವರಿಗೆ ಯಾಕೆ ಪುಟ ಕಟ್ಟಿ ಸಾಯುತ್ತೀ ಎಂದೆ. ಆಕೆ ಶಾಲು ಮಡಚಿ ಚೀಲದೊಳಗೆ ತುರುಕುತ್ತ ನಕ್ಕಳು.

"ಓದಿದ್ರ ಅದು ಅಚ್ಚಾಗ್ತಿತ್ತೇನ್ರೀ ಅಣ್ಣಾರ? ಇವರು ಓದಾಕ ಸುರು ಮಾಡಿದ ದಿನ ನನ್ನ ಪೇಪರ್ ಮುಗೀತು. ಇವರು ಹಿಂಗ ಇರ್ಲಿ ಬಿಡ್ರಿ, ತಣ್ಣಗ."

ಬಸ್ಸು ಬಂತು, ಹತ್ತಿ ಹೋದಳು.

ಮರುದಿನದ ಪುಟ ಮಾನ್ವಿಯವನ ಪಾಳಿ. ಸಮಾರಂಭದ ದಣಿವು ಎಂದು ಅದನ್ನೂ ಆಕೆಗೇ ವಹಿಸಿದ. ಮಧ್ಯಾಹ್ನ ಪುಟ ಬಂತು. ಮೇಲೆ ಶಾಲು ಹೊದ್ದ ನಮ್ಮೆಲ್ಲರ ಚಿತ್ರ. ಅದರ ಕೆಳಗೆ 'ಮಾನ್ವಿಯಲ್ಲಿ ಚರಂಡಿ ಕಾಮಗಾರಿ' ಎಂಬ ಶೀರ್ಷಿಕೆ, ಪಕ್ಕದಲ್ಲಿ ಆತನ ಅಳಿಯನ ನಗುಮುಖ. ಕನ್ನಡಕ ಏರಿಸಿ ಓದತೊಡಗಿದೆ. ಮೂರನೆಯ ವಾಕ್ಯದಲ್ಲಿ ಆಕೆ ಚರಂಡಿಯ ಗುಂಟ ನಡೆಯುತ್ತ, ಅದು ಎಲ್ಲಿಗೂ ಹೋಗದೆ ಒಂದು ಶಾಲೆಯ ಅಂಗಳದಲ್ಲಿ ನಿಂತುಬಿಟ್ಟದ್ದನ್ನು ತಲುಪುವಷ್ಟರಲ್ಲಿ ಮೊಬೈಲು ಕಿಣ್ ಎಂದಿತು. ಮಾನ್ವಿಯವನ ಹೆಬ್ಬೆರಳು.

ನಾನು ನೆತ್ತಿಯ ಮೇಲಿನ ಹೆಸರು ಬದಲಿಸಿ ಪುಟವನ್ನು ಪ್ರೆಸ್ಸಿಗೆ ಕಳಿಸಿದೆ.